ದೊಡ್ಡಮ್ಮ ಕೇಳುತ್ತಿದ್ದ ರೀತಿ

ಮಾತು ಹೊರಡುವ ಮೊದಲು ಅವರ ಕುತ್ತಿಗೆಯ ನರವೊಂದು ಹುರಿ ಹಾಕಿದ ದಾರದಂತೆ ಎದ್ದು ನಿಲ್ಲುತ್ತಿತ್ತು. ತುಟಿಗಳೆರಡೂ ಅಂಟಿಕೊಂಡು ಬಿಗಿಯುತ್ತಿದ್ದವು. ಬಲಗೈ, ಪಕ್ಕದಲ್ಲಿ ಯಾವ ಕಂಬಳಿ ಸಿಕ್ಕರೆ ಅದರ ಅಂಚನ್ನು ಹಿಡಿದು ಹಿಂಡುತ್ತಿತ್ತು. ಆದರೆ ಕಣ್ಣು ಮಾತ್ರ ಎದುರಿಗಿದ್ದವರ ಮುಖದಿಂದ ಕದಲುತ್ತಿರಲಿಲ್ಲ. ಉಗ್ಗುವವರು ಮಾತು ಸಿಕ್ಕಿಕೊಂಡಾಗ ನೆಲ ನೋಡುವುದನ್ನು ನಾನು ಕಂಡಿದ್ದೆ. ಇವರ ಮುಂದೆ ನೆಲ ನೋಡುತ್ತಿದ್ದವರು ನಾವೇ. ಕೊನೆಗೂ ಮಾತು ಬರುತ್ತಿತ್ತು. ಮೊದಲ ಅಕ್ಷರ ಎರಡು ಮೂರು ಸಲ ಬಾಗಿಲು ತಟ್ಟಿದ ಹಾಗೆ ಬಂದು, ಮಿಕ್ಕಿದ್ದೆಲ್ಲ ಒಟ್ಟಿಗೆ ನುಗ್ಗುತ್ತಿತ್ತು.

ಊರೆಲ್ಲ ಅವರನ್ನು ಕಂಬಳಿ ಅಂಗಡಿ ದೊಡ್ಡಮ್ಮ ಎನ್ನುತ್ತಿತ್ತು. ನನಗೂ ಅವರು ದೊಡ್ಡಮ್ಮನೇ, ಸಂಬಂಧ ಏನೂ ಇರದಿದ್ದರೂ. ಚಳ್ಳಕೆರೆಯ ಸಂತೆ ಬೀದಿಯ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಉದ್ದಕ್ಕೆ, ಕಿರಿದಾಗಿ, ರೈಲಿನ ಡಬ್ಬಿಯ ಹಾಗೆ. ಮೂರು ಗೋಡೆಗೂ ನೆಲದಿಂದ ಸೂರಿನವರೆಗೆ ಕಂಬಳಿ ಒಟ್ಟಿದ್ದರು. ಕಾಲಿಟ್ಟರೆ ಕುರಿಯ ವಾಸನೆಯೂ ಕಂಬಳಿಗೆ ಹಚ್ಚುವ ಹುಣಸೆಬೀಜದ ಗಂಜಿಯ ವಾಸನೆಯೂ ಒಟ್ಟಿಗೆ ಮೂಗಿಗೆ ಬರುತ್ತಿತ್ತು.

ನಾನು ಊರಿನ ಕೇಬಲ್ ಚಾನೆಲ್‌ನಲ್ಲಿ ವಾರ್ತೆ ಓದುತ್ತಿದ್ದವಳು. ಜನ ಎಲ್ಲವನ್ನೂ ಫೋನಿನಲ್ಲೇ ನೋಡತೊಡಗಿದ ಮೇಲೆ ಚಾನೆಲ್ ಮುಚ್ಚಿತು. ಕೈಯಲ್ಲಿ ಉಳಿದಿದ್ದು ಒಂದು ರೆಕಾರ್ಡರು, ಒಂದು ಮೈಕು ಮತ್ತು ಊರಿಗೆಲ್ಲ ಪರಿಚಯವಿದ್ದ ನನ್ನ ದನಿ. ಅವನ್ನೇ ಇಟ್ಟುಕೊಂಡು ಒಂದು ಪಾಡ್‌ಕಾಸ್ಟ್ ಶುರು ಮಾಡಿದೆ. ‘ಕುಂತು ಮಾತಾಡಾನ’ ಅಂತ ಹೆಸರಿಟ್ಟೆ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಹಾಡುವವರು, ಬಾರಿಸುವವರು ಎಷ್ಟೋ ಮಂದಿ ಇದ್ದರು. ಅವರ ವಾದ್ಯ ಎಲ್ಲರಿಗೂ ಬೇಕಿತ್ತು, ಮಾತು ಯಾರಿಗೂ ಬೇಕಿರಲಿಲ್ಲ. ವಾರ್ತೆ ಓದುತ್ತಿದ್ದ ಕಾಲದಲ್ಲಿ ‘ವಿವಿಧ ಜಾನಪದ ಕಲಾತಂಡಗಳು ಭಾಗವಹಿಸಿದ್ದವು’ ಎಂದು ನಾನೇ ಒಂದು ಸಾಲಿನಲ್ಲಿ ಓದಿ ಮುಗಿಸುತ್ತಿದ್ದ ಜನ ಅವರು. ಅವರನ್ನು ಕೂರಿಸಿ ಮಾತಾಡಿಸಬೇಕು, ಹಾಡಿಸಬೇಕು ಎಂಬುದು ನನ್ನ ಆಸೆ.

ಕೂರಿಸುವುದಕ್ಕೇ ಜಾಗ ಇರಲಿಲ್ಲ. ನನ್ನ ಮನೆ ಬಳ್ಳಾರಿ ರಸ್ತೆಗೆ ಅಂಟಿಕೊಂಡಿದೆ. ಮುಂದೆ ಲಾರಿ, ಹಿಂದೆ ಶೇಂಗಾ ಎಣ್ಣೆ ಮಿಲ್ಲು. ಮೊದಲ ಅತಿಥಿಯಾಗಿ ಬಂದವರು ಗೌರಸಮುದ್ರದ ಕಡೆಯ ಒಬ್ಬ ಉರುಮೆ ವಾದ್ಯದವರು. ಅವರು ಬಾಯಿ ತೆರೆದಾಗೆಲ್ಲ ಒಂದು ಲಾರಿ ಹಾರ್ನ್ ಹೊಡೆಯುತ್ತಿತ್ತು. ಪಾರ್ಕಿಗೆ ಹೋದೆವು, ಅಲ್ಲಿ ಗಾಳಿ. ಬೇಸರವಾಗಿ ವಾಪಸ್ ಹೊರಟಾಗ ಅವರು, “ಅಪ್ಪಂಗೊಂದು ಕಂಬಳಿ ತಗಬೇಕು, ಬರ್ರಿ” ಎಂದು ಆ ಓಣಿಗೆ ಕರೆದುಕೊಂಡು ಹೋದರು.

ಅಂಗಡಿಯೊಳಗೆ ಕಾಲಿಟ್ಟು ಅವರು ದರ ಕೇಳಿದರು ನೋಡಿ, ನಾನು ನಿಂತಲ್ಲೇ ನಿಂತೆ. ಹೊರಗಿನ ಗದ್ದಲವೆಲ್ಲ ಎಲ್ಲೋ ಹೋಗಿಬಿಟ್ಟಿತ್ತು. ಅವರ ದನಿ ಮಾತ್ರ ಕಿವಿಯ ಪಕ್ಕದಲ್ಲೇ ಕೂತು ಮಾತಾಡಿದಷ್ಟು ಹತ್ತಿರವಾಗಿತ್ತು. ದೊಡ್ಡ ಊರಿನ ಸ್ಟುಡಿಯೋಗಳಲ್ಲಿ ಗೋಡೆಗೆ ಏನೇನೋ ಮೆತ್ತಿ ಮಾಡುವುದನ್ನು ಇಲ್ಲಿ ಉಣ್ಣೆಯೇ ಮಾಡಿತ್ತು. ಗಲ್ಲಾ ಹತ್ತಿರ ಕೂತಿದ್ದ ಹೆಂಗಸನ್ನು ಕೇಳಿದೆ: “ಅಮ್ಮಾ, ಇಲ್ಲೇ ಕೂತು ಇವರ ಮಾತು ರೆಕಾರ್ಡ್ ಮಾಡ್ಕೊಳ್ಳಲಾ?”

ಅವರು ನನ್ನನ್ನು ನೋಡಿದರು. ನರ ಎದ್ದಿತು. ನಾನು ಉತ್ತರ ಬರಲಿಲ್ಲವೆಂದುಕೊಂಡು ಮತ್ತೆ ಕೇಳಬೇಕೆನ್ನುವಷ್ಟರಲ್ಲಿ, “ಮಾ... ಮಾ... ಮಾತಾಡ್ಕಳ್ರಿ. ಯಾಪಾರಕ್ಕೆ ಅಡ್ಡ ಬರ್ಬ್ಯಾಡ್ರಿ” ಅಂದರು.

ಇಲ್ಲಿಂದ ಮುಂದೆ ಅವರ ಮಾತನ್ನು ತಡೆಯಿಲ್ಲದೆಯೇ ಬರೆಯುತ್ತೇನೆ. ಚುಕ್ಕಿ ಇಟ್ಟು ಉಗ್ಗು ತೋರಿಸಿದರೆ ಓದುವವರಿಗೆ ಅದು ಒಂದು ಆಟದ ಹಾಗೆ ಕಾಣುತ್ತದೆ. ಅವರ ಪ್ರತಿ ಮಾತಿನ ಹಿಂದೆ ಒಂದು ಕಾಯುವಿಕೆ ಇತ್ತೆಂಬುದನ್ನು ನೆನಪಿಟ್ಟುಕೊಂಡು ಓದಿ, ಸಾಕು.

ಅವರು ಹುಟ್ಟಿದ್ದು ಕುರಿ ಸಾಕುವವರ ಮನೆಯಲ್ಲಿ. ಮದುವೆಯಾಗಿ ಬಂದಿದ್ದು ಈ ಕಂಬಳಿ ವ್ಯಾಪಾರದ ಮನೆಗೆ. ಅತ್ತೆಮನೆಯಲ್ಲಿ ಅವರಿಗೆ ‘ಮೂಗಿ’ ಎಂದೇ ಹೆಸರು. ಮಾತಾಡಲು ಹೋದಾಗ ನಾದಿನಿಯರು ನಕ್ಕದ್ದರಿಂದ ಮಾತನ್ನೇ ಬಿಟ್ಟಿದ್ದರಂತೆ. ಗಂಡ ತೀರಿಕೊಂಡಾಗ ಮೈದುನಂದಿರು ಅಂಗಡಿ ಮಾರುವ ಮಾತೆತ್ತಿದರು. ಬಾಯಿಲ್ಲದ ಹೆಂಗಸು ವ್ಯಾಪಾರ ಹೇಗೆ ಮಾಡುತ್ತಾಳೆ ಎಂದು ಅವರ ಲೆಕ್ಕ. ಇವರು ಏನೂ ಹೇಳದೆ ಮಾರನೇ ದಿನ ಬೆಳಿಗ್ಗೆ ಬಂದು ಬಾಗಿಲು ತೆಗೆದು ಗಲ್ಲಾ ಮುಂದೆ ಕೂತರು. ಉಣ್ಣೆಯ ವ್ಯಾಪಾರ ನಡೆಯುವುದು ಬಾಯಲ್ಲಿ ಅಲ್ಲವಲ್ಲ, ಟವೆಲ್ಲಿನ ಮರೆಯಲ್ಲಿ. ಕೊಳ್ಳುವವರೂ ಮಾರುವವರೂ ಬಟ್ಟೆಯಡಿ ಕೈ ಹಿಡಿದು ಬೆರಳು ಒತ್ತಿಯೇ ದರ ಕುದುರಿಸುತ್ತಾರೆ. ದೊಡ್ಡಮ್ಮನ ಬೆರಳಿಗೆ ಉಗ್ಗು ಇರಲಿಲ್ಲ. ಕುರಿಗಾರರ ಹಟ್ಟಿಗಳಿಂದ ಉಣ್ಣೆ ತಂದ ಗಂಡಸರು ಅವರ ಕೈಯಿಂದ ಕೈ ಬಿಡಿಸಿಕೊಂಡು, “ಈ ಯಕ್ಕನತ್ರ ಗೆಲ್ಲಾಕಾಗಲ್ಲ ಕಣ್ಲೇ” ಎಂದು ನಗುತ್ತಾ ಹೋಗುವುದನ್ನು ನಾನೇ ನೋಡಿದ್ದೇನೆ.

ವಾರಕ್ಕೊಮ್ಮೆ, ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿಗೆ, ನಾನು ಯಾರನ್ನಾದರೂ ಕರೆದುಕೊಂಡು ಅಲ್ಲಿಗೆ ಹೋಗತೊಡಗಿದೆ. ಮೈಕಿಗೆ ಗಾಳಿಯ ಸದ್ದು ತಾಗದಂತೆ ನಾನು ತೊಡಿಸಿದ್ದ ಸ್ಪಂಜು ಅವರಿಗೆ ಹಿಡಿಸಲಿಲ್ಲ. ಕುರಿಯ ಕರಿ ತುಪ್ಪಟದಲ್ಲಿ ಒಂದು ಟೊಪ್ಪಿಗೆ ಹೆಣೆದು ತಾವೇ ತೊಡಿಸಿದರು. ಅಲ್ಲಿಂದಾಚೆ ಅದಕ್ಕೆ ‘ಕುರಿಮರಿ’ ಎಂದೇ ಹೆಸರು. “ಕುರಿಮರಿ ತಂದೀಯಾ?” ಎನ್ನುವುದು ಅವರು ನನ್ನನ್ನು ಬರಮಾಡಿಕೊಳ್ಳುವ ರೀತಿ. ಬಂದವರಿಗೆ ಹೊಸ ಕಂಬಳಿ ಹಾಸಿ ಕೂರಿಸುತ್ತಿದ್ದರು. “ಮಾರೋ ಕಂಬ್ಳಿ ಮ್ಯಾಲೆ ಬ್ಯಾಡಿ ಬಿಡ್ರಿ” ಎಂದು ಸಂಕೋಚದಿಂದ ನೆಲದಲ್ಲೇ ಕೂರಲು ಹೋದವರಿಗೆ ಕಣ್ಣಲ್ಲೇ ಗದರುತ್ತಿದ್ದರು. ಅಂಥವರಲ್ಲಿ ಹೆಚ್ಚಿನವರು ಯಾರದ್ದೋ ಅಂಗಡಿಯೊಳಗೆ ಹೊಸ ಹಾಸಿನ ಮೇಲೆ ಕೂತಿದ್ದೇ ಅದು ಮೊದಲು.

ದೊಡ್ಡಮ್ಮ ಪ್ರಶ್ನೆ ಕೇಳಲು ಶುರು ಮಾಡಿದ್ದು ಮೊಳಕಾಲ್ಮುರು ಕಡೆಯ ಹಟ್ಟಿಯೊಂದರಿಂದ ಸೋಬಾನೆ ಹಾಡುವ ಅವ್ವ ಬಂದ ದಿನ. ಐವತ್ತು ದಾಟಿದ ಗಟ್ಟಿ ಹೆಂಗಸು. ಸುತ್ತಲಿನ ಮದುವೆ ಮನೆಗಳಲ್ಲಿ ಆಕೆಯ ದನಿ ಇಲ್ಲದೆ ಶಾಸ್ತ್ರ ಮುಂದೆ ಹೋಗುವುದಿಲ್ಲ. ಹಾಡು ಎಂದರೆ ಹಾಡಿದರು. ಮಾತಾಡಿ ಎಂದರೆ, “ಏಂ ಚೆಪ್ಪೇದಮ್ಮಾ, ನಾನೇನು ಹೇಳ್ಲಿ” ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳಿ ಸೆರಗು ಬಾಯಿಗೆ ಹಿಡಿದರು. ನಾನು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದೆ. ಯಾವಾಗ ಕಲಿತಿರಿ, ಯಾರಿಂದ ಕಲಿತಿರಿ, ಎಷ್ಟು ಹಾಡು ಬರುತ್ತವೆ. ಹೌದು, ಇಲ್ಲ, ಗೊತ್ತಿಲ್ಲ ಎಂದು ಉತ್ತರ ಬಂತು. ವರ್ಷಗಟ್ಟಲೆ ವಾರ್ತೆ ಓದಿದವಳಿಗೆ ಮೌನವೆಂದರೆ ಹೆದರಿಕೆ. ಪರದೆಯ ಮೇಲೆ ಎರಡು ಗಳಿಗೆ ಸುಮ್ಮನಿದ್ದರೆ ಕಂಟ್ರೋಲ್ ರೂಮಿನಿಂದ ಕಿರುಚುತ್ತಿದ್ದರು. ಆ ಹೆದರಿಕೆ ಮೈಯಲ್ಲಿ ಸೇರಿಹೋಗಿತ್ತು.

ನಾನು ಸೋತು ಮೈಕು ಇಳಿಸುವಾಗ ದೊಡ್ಡಮ್ಮ ಕಂಬಳಿಯ ಅಂಚು ಹಿಡಿದರು. ಸೋಬಾನೆ ಅವ್ವ ಅವರ ಮುಖ ನೋಡಿದರು. ಪ್ರಶ್ನೆ ಹೊರಬರಲು ತುಂಬ ಹೊತ್ತು ಹಿಡಿಯಿತು. ಬಂದಾಗ ಅದು ಇಷ್ಟೇ: “ಒಬ್ಳೇ ಇದ್ದಾಗ ಯಾವ ಪದ ಹಾಡ್ಕಂತೀಯ?”

ಅಷ್ಟು ಕಷ್ಟಪಟ್ಟು ಕೇಳಿದ್ದಕ್ಕೆ ಸುಳ್ಳುಪಳ್ಳು ಉತ್ತರ ಹೇಳುವ ಹಾಗಿರಲಿಲ್ಲವೇನೋ. ಸೋಬಾನೆ ಅವ್ವ ಸೆರಗು ಕೆಳಗಿಳಿಸಿದರು. “ಒಬ್ಳೇ ಇದ್ದಾಗ ಸೋಬಾನೆ ಯಾರು ಹಾಡ್ತಾರವ್ವ” ಅಂದರು. ಆಮೇಲೆ ಸುಮ್ಮನಾದರು. ನಾನು ಬಾಯಿ ತೆರೆಯಲು ಹೋದೆ. ದೊಡ್ಡಮ್ಮ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿದರು. ಕಾದೆವು. ಸೋಬಾನೆ ಅವ್ವ ಮಾತಾಡಲು ತೊಡಗಿದವರು ಸಂಜೆಯ ಬಸ್ಸಿನ ಹೊತ್ತಿನವರೆಗೂ ಮಾತಾಡಿದರು.

ಆ ಮೇಲೆ ಪ್ರಶ್ನೆಗಳೆಲ್ಲ ಅವರದ್ದೇ ಆದವು. ನಾನು ಮೈಕು ಹಿಡಿಯುವವಳಾದೆ. ಕುದಾಪುರದ ಕಡೆ ಹುಲ್ಲುಗಾವಲಿಗೆ ಸರ್ಕಾರಿ ಸಂಸ್ಥೆಗಳ ಬೇಲಿಗಳು ಬಂದ ಮೇಲೆ ಕುರಿ ಹೊಡೆಯುವ ದಾರಿ ಬದಲಿಸಿದ ಕುರಿಗಾಹಿ ಬಂದರು. ಮಗ್ಗದ ಮುಂದೆ ಕೂತೇ ತತ್ವಪದ ಹಾಡುವ ಮೊಳಕಾಲ್ಮುರಿನ ರೇಷ್ಮೆ ನೇಕಾರರು ಬಂದರು. ಮದುವೆಗಳಿಗೆ ಬ್ಯಾಂಡ್ ಬಾರಿಸಿ, ಊಟಕ್ಕೆ ಮಾತ್ರ ಕೊನೆಯ ಪಂಕ್ತಿಯಾಗುತ್ತಿದ್ದವರು ಬಂದರು. ದೊಡ್ಡಮ್ಮ ಒಬ್ಬೊಬ್ಬರಿಗೆ ಕೇಳುತ್ತಿದ್ದುದು ಮೂರೋ ನಾಲ್ಕೋ ಪ್ರಶ್ನೆ. ಅವರು ಹೇಳಿ ನಿಲ್ಲಿಸಿದರೂ ಇವರು ಮುಂದಿನದಕ್ಕೆ ಹೋಗುತ್ತಿರಲಿಲ್ಲ. “ಮುಗೀತು ಅಂದ್ಕಂಡು ಸುಮ್ಕಾಗ್ತಾರೆ ನೋಡು, ಅದಾದ್ಮ್ಯಾಲೇನೇ ನಿಜ್ವಾದ್ದು ಬರೋದು” ಎಂದು ನನಗೆ ಹೇಳಿದ್ದರು.

ಎಲ್ಲರಿಗೂ ಇದು ಹಿಡಿಸಲಿಲ್ಲ. ನಾನು ಅಂಗಡಿಯಲ್ಲಿದ್ದಾಗಲೇ ಕೇಳುಗರೊಬ್ಬರು ಫೋನ್ ಮಾಡಿ, “ಕಾರ್ಯಕ್ರಮ ಚೆನ್ನಾಗಿದೆ ಮೇಡಂ, ಆ ಹೆಂಗಸಿನ ಉಗ್ಗು ಕತ್ತರಿಸಿ ಹಾಕಿ, ಕೇಳೋಕೆ ಹಿಂಸೆ” ಎಂದರು. ನಾನದನ್ನು ದೊಡ್ಡಮ್ಮನಿಗೆ ಹೇಳಬಾರದೆಂದಿದ್ದೆ. ಫೋನಿನ ದನಿ ಜೋರಾಗಿದ್ದರಿಂದ ಅವರಿಗೇ ಕೇಳಿಸಿಬಿಟ್ಟಿತು. ಅವರಿಗೆ ನಗು ಬಂತು. ನಗುವಾಗ ಅವರು ಉಗ್ಗುತ್ತಿರಲಿಲ್ಲ, ಹುಡುಗಿಯ ಹಾಗೆ ಗಲಗಲ ನಗುತ್ತಿದ್ದರು. “ಹಿಂಸೆ ನಂಗೆ. ಅವಂಗೇನಂತೆ?” ಅಂದರು. ನಾನು ಕತ್ತರಿಸಲಿಲ್ಲ.

ಒಮ್ಮೆ ಸಿದ್ದಾಪುರದ ಕಡೆ ಒಂದು ಭಜನೆ ತಂಡದವರನ್ನು ಮಾತಾಡಿಸಲು ಹೋದಾಗ ಬ್ರಹ್ಮಗಿರಿಯ ಬುಡಕ್ಕೂ ಹೋಗಿದ್ದೆವು. ಬಂಡೆಯ ಮೇಲಿನ ಅಶೋಕನ ಕಾಲದ ಬರಹವನ್ನು ದೊಡ್ಡಮ್ಮ ತುಂಬ ಹೊತ್ತು ನೋಡಿದರು. “ಏನು ಬರ್ದೈತೆ?” ಅಂದರು. ತಂದೆ ತಾಯಿ ಮಾತು ಕೇಳಬೇಕು, ಪ್ರಾಣಿಗಳಿಗೆ ದಯೆ ತೋರಿಸಬೇಕು, ಸತ್ಯ ಹೇಳಬೇಕು ಅಂತ ರಾಜ ಬರೆಸಿದ್ದು ಎಂದೆ. ತಲೆಯಾಡಿಸಿದರು. ವಾಪಸ್ ಬರುವಾಗ ಅರ್ಧ ದಾರಿಯಲ್ಲಿ ನಿಂತು ಕೇಳಿದರು: “ರಾಜ ಹೇಳಿದ್ದು ಐತೆ. ಆವಾಗ ಇಲ್ಲಿ ಕುರಿ ಕಾಯ್ತಿದ್ದೋರು ಅದಕ್ಕೆ ಏನಂದ್ರಂತೆ?”

ಅದು ಎಲ್ಲೂ ಬರೆದಿಲ್ಲ ದೊಡ್ಡಮ್ಮ ಎಂದೆ. “ಉಂ” ಎಂದು ಮುಂದೆ ನಡೆದರು.

ಇನ್ನು ಒಂದು ಗಲಾಟೆಯ ವಿಷಯ ಹೇಳಬೇಕು. ಸೋಬಾನೆ ಅವ್ವ ಎರಡನೇ ಸಲ ಬಂದಾಗ ಹೇಳಿದ್ದು ತಮ್ಮ ಮೊದಲ ಹೆರಿಗೆಯ ಕಥೆ. ಅವರ ಹಟ್ಟಿಯಲ್ಲಿ ಬಾಣಂತಿ ಒಳಗಿರಬಾರದೆಂದು ಕಟ್ಟಳೆ. ಹಟ್ಟಿಯ ಬೇಲಿಯಾಚೆ ಗರಿ ಹೊದಿಸಿದ ಗುಡಿಸಲಲ್ಲಿ ಹಸುಗೂಸಿನ ಜೊತೆ ಇರಬೇಕು. ಆ ವರ್ಷ ಹಿಡಿದ ಮಳೆ ಬಿಡಲಿಲ್ಲ. ಕೂಸಿಗೆ ಶೀತ ಹಿಡಿಯಿತು. ಒಳಗೆ ಬಿಡಿ ಎಂದು ಆಕೆ ಬೇಲಿಯ ಹತ್ತಿರ ನಿಂತು ಕೂಗಿದರು. ಯಾರೂ ಬರಲಿಲ್ಲ. ಕೂಸು ಉಳಿಯಲಿಲ್ಲ. ಒಬ್ಬರೇ ಇದ್ದಾಗ ತಾವು ಹಾಡಿಕೊಳ್ಳುವ ಪದ ಆಗ ಕಟ್ಟಿದ್ದು ಎಂದು ಹೇಳಿ ಹಾಡಿದರು:

ಮೆಲ್ಲಗೆ ಸುರಿಯೆ ಮಳೆಯವ್ವ, ತೂತಿನ ಸೂರು ನಂದು
ಕೂಸಿನ ನೆತ್ತಿ ಎಳಸೈತೆ, ನೋಡ್ಕಂಡು ಹನಿಯೆ ಬಂದು.

ಮದುವೆ ಮನೆಯಲ್ಲಿ ಮೆರೆಯುವ ದನಿ ಅದಲ್ಲ. ಬೇರೆಯೇ ದನಿ. ಮುಗಿದ ಮೇಲೆ ದೊಡ್ಡಮ್ಮ ಒಂದು ಕಂಬಳಿ ಬಿಚ್ಚಿ ಆಕೆಯ ಹೆಗಲಿಗೆ ಹೊದಿಸಿದರು.

ಹೊರಗೆ ಬಿಡಲೇ ಎಂದು ಆಕೆಯನ್ನು ಕೇಳಿ, ಒಪ್ಪಿದ ಮೇಲೆಯೇ ಆ ಸಂಚಿಕೆ ಬಿಟ್ಟೆ. ಅದು ನಾವು ಮಾಡಿದ ಯಾವುದಕ್ಕಿಂತಲೂ ಹೆಚ್ಚು ದೂರ ಹೋಯಿತು. ಎಷ್ಟು ದೂರವೆಂದರೆ, ತಿರುಗಿ ಅದೇ ಹಟ್ಟಿಗೂ ಬಂತು.

ಸಂತೆಯ ದಿನ ಹಟ್ಟಿಯ ಯಜಮಾನರು ನಾಲ್ಕಾರು ಮಂದಿಯೊಂದಿಗೆ ಅಂಗಡಿಗೆ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಕಂಬಳಿ, ಎತ್ತರದ ಆಳು. ದೊಡ್ಡಮ್ಮನಿಗೆ ವರ್ಷಗಳ ಪರಿಚಯ. ಅಂಗಡಿಗೆ ಬರುವ ಒಳ್ಳೆಯ ಕರಿ ಉಣ್ಣೆಯೆಲ್ಲ ಅವರ ಹಟ್ಟಿಯದ್ದೇ.

“ನೋಡಕ್ಕ, ನಿನ್ ಮ್ಯಾಲೆ ನಂಗೆ ಸಿಟ್ಟಿಲ್ಲ” ಎಂದು ಶುರು ಮಾಡಿದರು. “ಈ ಟೀವಿಯಮ್ಮ ನಮ್ಮ ಹಟ್ಟಿ ಮರ್ವಾದಿ ಬೀದಿಗೆ ತಂದೈತೆ. ಇವತ್ತೇ ಅದನ್ನ ಅಳಿಸ್ಬೇಕು. ಇಲ್ಲಾಂದ್ರೆ ಒಂದು ಹಿಡಿ ಉಣ್ಣೆನೂ ಈ ಅಂಗಡಿ ಮೆಟ್ಲು ಹತ್ತಲ್ಲ. ನಮ್ಮದಷ್ಟೇ ಅಲ್ಲ, ಸುತ್ತ ಯಾವ ಹಟ್ಟಿದೂ ಹತ್ತಲ್ಲ.”

ಅದು ನನ್ನ ಬದುಕಿನ ಪ್ರಶ್ನೆ ಅಲ್ಲ, ದೊಡ್ಡಮ್ಮನ ಬದುಕಿನದು. ಅವರ ಮುಖ ನೋಡಿದೆ. ನರ ಎದ್ದಿತ್ತು. ಬಂದವರಲ್ಲಿ ಒಬ್ಬ, “ಏನಂತೆ ಹೇಳಮ್ಮ ಬಿರ್‍ನೆ” ಎಂದು ಅವಸರ ಮಾಡಿದ. ಯಜಮಾನರು ಕೈಯೆತ್ತಿ ಅವನನ್ನು ಸುಮ್ಮನಾಗಿಸಿದರು. ಅವರಿಗೆ ದೊಡ್ಡಮ್ಮನ ಮಾತಿಗೆ ಕಾದು ಗೊತ್ತಿತ್ತು.

“ನೀನು ಕೇಳಿದ್ಯಾ ಅಣ್ಣ?” ಅಂದರು ದೊಡ್ಡಮ್ಮ.

“ಏನು?”

“ಅವ್ಳು ಹೇಳಿದ್ದು. ಪೂರ್ತಿ.”

“ನಮ್ಮ ಹುಡುಗ್ರು ಹೇಳಿದ್ರು.”

“ಹುಡುಗ್ರು ಹೇಳಿದ್ದು ಬ್ಯಾಡ. ಕುಂತ್ಕ. ಕೇಳು. ಆಮ್ಯಾಲೆ ಏನಾರ ಹೇಳು.”

ಯಜಮಾನರು ಕೂತರು. ನಾನು ಫೋನಿನಲ್ಲಿ ಸಂಚಿಕೆ ಹಾಕಿದೆ. ಆ ಉಣ್ಣೆಯ ಗೋಡೆಗಳ ನಡುವೆ, ಆ ದನಿ ಹುಟ್ಟಿದ ಜಾಗದಲ್ಲೇ, ಅವರು ಪೂರ್ತಿ ಕೇಳಿದರು. ಜೊತೆಗೆ ಬಂದವರು ಮೊದಲು ಬಾಗಿಲಲ್ಲಿ ನಿಂತಿದ್ದರು. ಆಮೇಲೆ ಒಬ್ಬೊಬ್ಬರೇ ಕುಕ್ಕರಗಾಲಲ್ಲಿ ಕೂತರು. ಹಾಡು ಮುಗಿಯಿತು. ಗಿರಾಕಿಯೊಬ್ಬರು ಬಾಗಿಲಿಗೆ ಬಂದು, ಒಳಗಿನ ಮುಖಗಳನ್ನು ನೋಡಿ ಹಿಂದಕ್ಕೆ ಹೋದರು. ದೊಡ್ಡಮ್ಮ ಎಂದಿನ ಹಾಗೆ ಕಾದರು.

ಯಜಮಾನರು ನೆಲ ನೋಡುತ್ತಾ, ತಮಗೆ ತಾವೇ ಹೇಳಿಕೊಂಡ ಹಾಗೆ ಅಂದರು: “ಆ ಮಳೆ ನಂಗೂ ನೆಪ್ಪೈತೆ. ಕುರಿ ನೆನೀತಾವೆ ಅಂತ ಒಳಿಕ್ಕೆ ಹೊಡ್ಕಂಡಿದ್ವಿ.”

ಅಂದ ಮೇಲೆ ತಾವು ಅಂದದ್ದೇನು ಎಂಬುದು ಅವರಿಗೇ ಕೇಳಿಸಿತು. ಅದು ಅವರ ಮುಖದಲ್ಲಿ ಕಾಣಿಸಿತು. ಅವರು ಎದ್ದರು. “ಅಳಿಸ್ರಿ” ಎಂದು ಇನ್ನೊಮ್ಮೆ ಹೇಳಿದರು. ಆದರೆ ದನಿ ಬಂದಾಗಿನ ಹಾಗಿರಲಿಲ್ಲ. ಹೊರಟುಹೋದರು.

“ಏನು ಮಾಡೋದು ದೊಡ್ಡಮ್ಮ? ನಿಮ್ಮ ವ್ಯಾಪಾರ...” ಎಂದೆ.

“ಮಾತು ನಂದಾ? ನಿಂದಾ?” ಅಂದರು. “ಅವ್ಳನ್ನ ಕೇಳು. ತಗಿ ಅಂದ್ರೆ ತಗಿ.”

ಮಾರನೇ ದಿನ ಮೊಳಕಾಲ್ಮುರು ಬಸ್ಸು ಹತ್ತಿ ಹೋದೆವು. ಸೋಬಾನೆ ಅವ್ವ ಹೊಲದಲ್ಲಿ ಶೇಂಗಾ ಕೀಳುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿ, ತೆಗೆಯಬೇಕಾದರೆ ಈಗಲೇ ತೆಗೆಯುತ್ತೇನೆ ಎಂದೆ. ಅವರು ಬಳ್ಳಿಯ ಮಣ್ಣು ಕೊಡವುತ್ತಲೇ ಇದ್ದರು.

“ಹೊರಿಕ್ಕೆ ಬಂದೈತಮ್ಮ. ತಿರುಗಿ ನುಂಗಾಕೆ ನನ್ ಕೈಲಾಗಲ್ಲ.”

“ಹಟ್ಟಿಯಲ್ಲಿ ನಿಮಗೆ ತೊಂದರೆ ಆಗಲ್ವಾ?”

“ಮಾತಾಡ್ಸಲ್ಲ ಅಂದವ್ರೆ. ಮೊದ್ಲು ಮಾತಾಡ್ಸಿದ್ದು ಏನಿತ್ತು?” ಎಂದವರು, ದೊಡ್ಡಮ್ಮನ ಕಡೆ ತಿರುಗಿ, “ನಿಂಗೆ ಉಣ್ಣೆ ಬರಲ್ವಂತಲ್ಲಕ್ಕ?” ಅಂದರು.

ದೊಡ್ಡಮ್ಮ ಅವರ ಪಕ್ಕ ಕೂತು ಶೇಂಗಾ ಬಿಡಿಸತೊಡಗಿದರು. ನಾನೂ ಕೂತೆ. ಆ ಮಧ್ಯಾಹ್ನ ಅವರಿಬ್ಬರೂ ಆಡಿದ ಮಾತು ಕಡಿಮೆ. ನಾನು ಮೈಕು ಹೊರಗೆ ತೆಗೆಯಲಿಲ್ಲ.

ಸಂಚಿಕೆ ಉಳಿಯಿತು. ಉಣ್ಣೆ ನಿಂತಿತು. ದೊಡ್ಡಮ್ಮ ರಾಯದುರ್ಗದ ಕಡೆಯಿಂದ ಉಣ್ಣೆ ತರಿಸಿದರು. ಅದು ದುಬಾರಿ, ಜೊತೆಗೆ ಅಷ್ಟು ಕಪ್ಪೂ ಇಲ್ಲ. ನೇಯುವವರು ಗೊಣಗಿದರು, ಗೋಡೆಯ ಮೇಲಿನ ಕಂಬಳಿಗಳ ಸಾಲು ಇಳಿಯಿತು. ರೆಕಾರ್ಡಿಂಗಿನಲ್ಲಿ ಹೊರಗಿನ ಸದ್ದು ಸ್ವಲ್ಪ ಸ್ವಲ್ಪ ನುಸುಳತೊಡಗಿತು. ಆ ವರ್ಷದ ಸಂಚಿಕೆಗಳನ್ನು ಕೇಳಿದರೆ ದೂರದಲ್ಲೆಲ್ಲೋ ಆಟೋ ಹೋಗುವುದು ಕೇಳಿಸುತ್ತದೆ. ಅವರು ಒಂದು ದಿನವೂ ನನ್ನ ಮುಂದೆ ಆ ವಿಷಯ ಎತ್ತಲಿಲ್ಲ. ಮೈದುನಂದಿರು ಬಂದು, “ಇದೆಲ್ಲ ಬೇಕಿತ್ತಾ ಅತ್ತಿಗೆ?” ಎಂದು ಕೇಳಿದಾಗ, “ಉಂ, ಬೇಕಿತ್ತು” ಅಂದರು. ಆ ಉತ್ತರ ಮಾತ್ರ ಎಲ್ಲೂ ಸಿಕ್ಕಿಕೊಳ್ಳದೆ ಬಂತು.

ಮುಂದಿನ ವರ್ಷದ ಉಣ್ಣೆ ಕತ್ತರಿಸುವ ಕಾಲಕ್ಕೆ ಯಜಮಾನರು ಬಂದರು. ಒಬ್ಬರೇ ಬಂದಿದ್ದರು. ಹಿಂದೆ ಟಂಟಂ ಗಾಡಿಯಲ್ಲಿ ಉಣ್ಣೆಯ ಮೂಟೆಗಳು. ಹಳೆಯದನ್ನು ಯಾರೂ ಮಾತಾಡಲಿಲ್ಲ. ಟವೆಲ್ ಹಾಸಿ, ಕೈ ಚಾಚಿದರು. ಇಬ್ಬರೂ ಎಂದಿನಷ್ಟೇ ಹಟದಿಂದ ಬೆರಳೊತ್ತಿ ದರ ಕುದುರಿಸಿದರು. ಹೊರಡುವಾಗ ಯಜಮಾನರು ನನ್ನ ಕಡೆ ನೋಡದೆಯೇ, “ಗರಿ ತೆಗ್ದು ಶೀಟು ಹಾಕ್ಸೀವಿ. ಗುಡ್ಲು ಬೇಲಿ ಹತ್ರಕ್ಕೆ ತಂದೀವಿ” ಅಂದರು. ಗುಡಿಸಲೇ ಬೇಡವೆಂದು ಅವರು ಹೇಳಲಿಲ್ಲ. ನನಗೆ ಸಮಾಧಾನವಾಗಲಿಲ್ಲ. ದೊಡ್ಡಮ್ಮನಿಗೂ ಆಗಲಿಲ್ಲ. ಅವರು ಹೋದ ಮೇಲೆ, “ಇನ್ನೂ ಬೇಲಿ ಆಚೆಗೇ” ಎಂದಷ್ಟೇ ಅಂದರು. ಆದರೆ ಅದೇ ತಿಂಗಳು ಆ ಹಟ್ಟಿಯ ಎಳೆಯ ಹೆಣ್ಣುಮಕ್ಕಳಿಬ್ಬರು, ಸಂತೆಗೆ ಬಂದ ನೆಪದಲ್ಲಿ ಅಂಗಡಿಗೆ ಬಂದು, “ನಾವೂ ಮಾತಾಡ್ಬೌದಾ?” ಎಂದು ಕೇಳಿದರು. ದೊಡ್ಡಮ್ಮ ಹೊಸ ಕಂಬಳಿ ಬಿಚ್ಚಿ ಹಾಸಿದರು.

ಅವರಿಗೆ ಕೆಮ್ಮು ಮೊದಲಿಂದಲೂ ಇತ್ತು. ಕೊನೆಯ ಎರಡು ವರ್ಷ ಅದು ಎದೆಯನ್ನೇ ಹಿಡಿಯಿತು. ಉಣ್ಣೆಯ ದೂಳು ಶ್ವಾಸಕೋಶಕ್ಕೆ ಇಳಿದಿದೆ, ಇನ್ನು ಅಂಗಡಿಯಲ್ಲಿ ಕೂರಬೇಡಿ ಎಂದು ಡಾಕ್ಟರು ಹೇಳಿದರು. ಸ್ವಲ್ಪ ದಿನ ಮನೆಯಲ್ಲಿದ್ದು ಮತ್ತೆ ಬಂದು ಕೂತರು. ನಾನು ಜಗಳವಾಡಿದೆ. ಬೇರೆಲ್ಲಾದರೂ ರೆಕಾರ್ಡ್ ಮಾಡೋಣ ಎಂದೆ. “ನಿನ್ ಕುರಿಮರಿಗೋಸ್ಕರ ಅಲ್ಲ. ನನ್ನಂಗಡಿ” ಎಂದು ನನ್ನ ಬಾಯಿ ಮುಚ್ಚಿಸಿದರು.

ನೀವೇ ಒಂದು ಸಂಚಿಕೆಯಲ್ಲಿ ಮಾತಾಡಿ ಎಂದು ನಾನು ಎಷ್ಟು ಸಲ ಬೇಡಿಕೊಂಡರೂ ಅವರು ಒಪ್ಪಿರಲಿಲ್ಲ. ಹಾಸಿಗೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಫೋನ್ ಮಾಡಿಸಿದರು. ಹೋದಾಗ ಮನೆಯ ಪಡಸಾಲೆಯಲ್ಲಿ ದಿಂಬಿಗೊರಗಿ ಕೂತಿದ್ದರು. 

“ಇವತ್ತು ನನ್ನ ಕೇಳು” ಅಂದರು.

ಮೈಕು ಹಿಡಿದೆ. ಸುಮ್ಮನೆ ಕಾದೆ. ಆಗ ಅವರು ಶಾಲೆಯ ಮೊದಲ ದಿನದ ಕಥೆ ಹೇಳಿದರು. ಮೇಷ್ಟ್ರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೂ ಹೆಸರು ಹೇಳಲು ಹೇಳಿದರಂತೆ. ದೊಡ್ಡಮ್ಮನ ಸರದಿ ಬಂತು. ಅವರಿಗೆ ಎಲ್ಲಕ್ಕಿಂತ ಹೆಚ್ಚು ಸಿಕ್ಕಿಕೊಳ್ಳುವ ಅಕ್ಷರವೇ ಅವರ ಹೆಸರಿನ ಮೊದಲ ಅಕ್ಷರ. ಬಾಯಿ ಬಿಗಿಯಿತು. ಮಕ್ಕಳು ನಕ್ಕರು. “ಹೆಸರೇ ಗೊತ್ತಿಲ್ಲದೋಳಿಗೆ ಅಕ್ಷರ ಯಾಕೆ?” ಎಂದರು ಮೇಷ್ಟ್ರು. ಅಲ್ಲಿಂದ ಓಡಿದವರು ತಿರುಗಿ ಶಾಲೆಯ ಕಡೆ ಹೋಗಲಿಲ್ಲ.

“ಆಮ್ಯಾಲೆ ಯಾರು ಹೆಸರು ಕೇಳಿದ್ರೂ ಸುಮ್ಕೆ ನಿಂತಿರ್ತಿದ್ದೆ. ಬ್ಯಾಂಕಾಗೆ, ಆಸ್ಪತ್ರಿಯಾಗೆ. ಆಧಾರ್ ಕಾರ್ಡ್ ಬಂತು ನೋಡು, ನೆಮ್ಮದಿ ಆತು. ಕಾರ್ಡ್ ತೋರ್ಸಿದ್ರೆ ಆತು” ಎಂದು ನಕ್ಕರು. ನಗು ಕೆಮ್ಮಾಯಿತು. ನೀರು ಕುಡಿಸಿದೆ. “ನಾನು ಹುಟ್ಟಿದಾಗಿಂದ ನನ್ನ ಹೆಸರು ನಾನೇ ಜೋರಾಗಿ ಹೇಳಿಲ್ಲ ಕಣವ್ವ. ಒಂದ್ ಸಲ ಹೇಳ್ಬೇಕು. ಕತ್ರುಸ್ಬ್ಯಾಡ.”

ಹೇಳಿದರು. ಎದೆಯಲ್ಲಿ ಉಸಿರು ನಿಲ್ಲುತ್ತಿರಲಿಲ್ಲ. ಮಧ್ಯೆ ಎರಡು ಸಲ ನಿಲ್ಲಿಸಿ ಮತ್ತೆ ಮೊದಲಿಂದ ಶುರು ಮಾಡಿದರು. ಅವರ ಹೆಸರು ನನಗೆ ಗೊತ್ತಿತ್ತು, ಅಂಗಡಿಯ ಲೈಸೆನ್ಸಿನಲ್ಲಿ ಓದಿದ್ದೆ. ತುಟಿಯ ಮೇಲೆ ಅದು ಒದ್ದಾಡುವಾಗ ಹೇಳಿಕೊಟ್ಟುಬಿಡೋಣ ಎಂದು ನನ್ನ ಜೀವವೆಲ್ಲ ಎಳೆಯಿತು. ಹೇಳಿಕೊಡಲಿಲ್ಲ. ಬಂತು. ಪೂರ್ತಿ ಬಂತು, ತಂದೆಯ ಹೆಸರಿನ ಸಮೇತ. ಹೇಳಿ ಮುಗಿಸಿ ದಿಂಬಿಗೆ ತಲೆಯಾನಿಸಿ, “ನಾನು ಹೋದ್ಮ್ಯಾಲೆ ಹಾಕು” ಅಂದರು.

ಹೆಚ್ಚು ದಿನ ಕಾಯಬೇಕಾಗಲಿಲ್ಲ. ಸುದ್ದಿ ತಿಳಿದು ಎಲ್ಲ ಕಡೆಯಿಂದ ಜನ ಬಂದರು. ನೇಕಾರರು, ಕುರಿಗಾಹಿ, ಬ್ಯಾಂಡಿನವರು ಬಂದರು. ಸೋಬಾನೆ ಅವ್ವ ಮೊದಲ ಬಸ್ಸಿಗೇ ಬಂದು ಅವರ ಪಾದದ ಹತ್ತಿರ ಕೂತರು. ಗೌರಸಮುದ್ರದ ಕಡೆಯ ಆ ಉರುಮೆ ವಾದ್ಯದವರೂ ಬಂದಿದ್ದರು. ಊರವರ ಸಾವಿಗೆ ಬಾರಿಸುವುದು ಅವರ ಪಾಲಿಗೆ ಬಂದ ಕೆಲಸ. ಯಾರೋ ರೂಢಿಯಂತೆ, “ವಾದ್ಯ ಎಲ್ಲಪ್ಪ?” ಎಂದರು. “ತಂದಿಲ್ರಿ. ಇವತ್ತು ಸುಮ್ಕೆ ಕುಂತಿರ್ತೀನಿ” ಎಂದು ಅವರು ಜಗಲಿಯ ಮೇಲೆ ಬಂಧುಗಳ ಸಾಲಿನಲ್ಲಿ ಕೂತರು. ಸಾಲು ಸರಿದು ಜಾಗ ಮಾಡಿಕೊಟ್ಟಿತು.

ಅಂಗಡಿ ಈಗ ಬೇರೆಯವರ ಕೈಯಲ್ಲಿದೆ. ನಾನು ಮೊಳಕಾಲ್ಮುರಿನ ನೇಕಾರರ ಮನೆಯ ಒಂದು ಕೋಣೆಯಲ್ಲಿ ರೆಕಾರ್ಡ್ ಮಾಡುತ್ತೇನೆ. ಪಕ್ಕದ ಮಗ್ಗದ ಸದ್ದು ಸೇರಿಕೊಳ್ಳುತ್ತದೆ, ಇರಲಿ ಎಂದು ಬಿಟ್ಟಿದ್ದೇನೆ. ಪ್ರಶ್ನೆ ಈಗ ನಾನೇ ಕೇಳಬೇಕು. ಕೇಳಿ, ಉತ್ತರ ಮುಗಿಯಿತೆಂದು ಅನಿಸಿದ ಮೇಲೂ ಬಾಯಿ ಮುಚ್ಚಿ ಕೂತಿರುತ್ತೇನೆ. ಇಷ್ಟನ್ನು ಕಲಿಯಲು ನನಗೆ ದೊಡ್ಡಮ್ಮನ ಪಕ್ಕದಲ್ಲಿ ಅಷ್ಟು ಮಧ್ಯಾಹ್ನಗಳು ಬೇಕಾದವು.

ಅವರ ಸಂಚಿಕೆ ಬಿಡುವ ಮೊದಲು ಕಂಪ್ಯೂಟರಿನಲ್ಲಿ ನೋಡಿದೆ. ದನಿ ಇರುವಲ್ಲಿ ಗೆರೆ ಎದ್ದೇಳುತ್ತದೆ, ಇಲ್ಲದಲ್ಲಿ ಮಲಗುತ್ತದೆ. ಅವರು ಹೆಸರು ಹೇಳುವ ಮೊದಲು ಗೆರೆ ತುಂಬ ಉದ್ದಕ್ಕೆ ಮಲಗಿದೆ. ನಡುನಡುವೆ ಸಣ್ಣ ಸಣ್ಣ ಉಬ್ಬು. ಒಂದನ್ನೂ ನಾನು ಮುಟ್ಟಲಿಲ್ಲ. ಹಾಗೆಯೇ ಬಿಟ್ಟೆ. ಅಲ್ಲಿವರೆಗೆ ಕೇಳುವ ತಾಳ್ಮೆ ಇದ್ದವರಿಗೆ ಅವರ ಹೆಸರು ಅವರ ಬಾಯಿಂದಲೇ ಸಿಗುತ್ತದೆ. ಇಲ್ಲಿ ನಾನದನ್ನು ಬರೆಯುವುದಿಲ್ಲ.